ಮನೆ ಎಣಿಸಲು ಹೋಗಿ ಒಲೆ ಎಣಿಸಿದೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಊರು. ಅಲ್ಲಿ ಎಷ್ಟು ಕುಟುಂಬಕ್ಕೆ ಮನೆ ಬೇಕು ಅಂತ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನದ ಕೆಲಸ ಅಂದುಕೊಂಡು ಬೆಂಗಳೂರಿಂದ ಬಸ್ಸು ಹತ್ತಿದೆ. ಮೂರು ವಾರ ಹಿಡಿಯಿತು.

ಮೊದಲ ದಿನ ಪಂಚಾಯ್ತಿಯ ಕಂದಾಯದ ಪುಸ್ತಕ ಹಿಡಿದು ಬೀದಿ ಸುತ್ತಿದೆ. ಗುಡಿಸಲು ಹುಡುಕಿದರೂ ಸಿಗಲಿಲ್ಲ. ಎಲ್ಲ ಕಲ್ಲುಚಪ್ಪಡಿ ಮನೆ, ಇಲ್ಲವೇ ಇಟ್ಟಿಗೆ ಗೋಡೆ ಮೇಲೆ ಶೀಟು. 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯಲ್ಲಿ ಮನೆ ಕೊರತೆ ಅಂದರೆ ಮನೆಯೇ ಇಲ್ಲದವರು, ಇಲ್ಲಾ ಕಚ್ಚಾ ಗೋಡೆ, ಕಚ್ಚಾ ಚಾವಣಿಯ ಒಂದೆರಡು ಕೋಣೆಯವರು. ಆ ಲೆಕ್ಕದಲ್ಲಿ ಈ ಊರಿಗೆ ಮನೆಯೇ ಬೇಡ!

ಸರಿ, ಕೇಳಿಯೇ ಬಿಡೋಣ ಅಂತ "ನಿಮಗೆ ಮನೆ ಬೇಕಾ?" ಅಂದೆ. ಬೇಡ ಅಂದವರು ಒಬ್ಬರೂ ಇಲ್ಲ. ಮಹಡಿ ಮನೆಯವರೂ ಬರಕೊಳ್ಳಿ ಅಂದರು. ಈಗಲೂ ಆ ಪ್ರಶ್ನೆ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ಕರೆದರು. "ನಮ್ದು ಎಷ್ಟು ಅಂತ ಬರ್ಕೊಂಡೆ ಮಗ?"

"ಒಂದು ಮನೆ, ಅಜ್ಜಿ."

"ಒಳಗ್ ಬಾ. ಒಲೆ ಎಣ್ಸು."

ಅಡುಗೆಮನೆಯಲ್ಲಿ ಒಂದು ಗ್ಯಾಸ್ ಒಲೆ. ನಡುಮನೆಗೆ ಹಳೇ ಸೀರೆ ಅಡ್ಡ ಕಟ್ಟಿದ್ದರು, ಅದರಾಚೆ ಇನ್ನೊಂದು. ಮೂರನೆಯದು ಕೊಟ್ಟಿಗೆಯಲ್ಲಿ. ಅಲ್ಲಿ ಗೊಂತಿಗೆ ಹಲಗೆ ಹಾಕಿ ಪಾತ್ರೆ ಜೋಡಿಸಿದ್ದರು. ಕಿರಿ ಮಗ, ಸೊಸೆ, ಮಗು ಅಲ್ಲೇ ಮಲಗುವುದು. ಹಸು ಹೊರಗೆ ಟಾರ್ಪಾಲಿನ ಕೆಳಗೆ.

ಜನಗಣತಿಯವರಿಗೂ ಕುಟುಂಬ ಅಂದರೆ ಒಂದೇ ಅಡುಗೆ ಉಣ್ಣುವವರು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಗೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಆದರೂ ಬಾಗಿಲು ಎಣಿಸಿ ಬಂದಿದ್ದೆ ನೋಡಿ.

ಹಾಳೆ ಬದಲಾಯಿಸಿದೆ. ಬೇಕಾ ಬೇಡವಾ ಬಿಟ್ಟು, "ನಿನ್ನೆ ರಾತ್ರಿ ಯಾರು ಎಲ್ಲಿ ಮಲಗಿದ್ರಿ?" ಅಂತ ಕೇಳತೊಡಗಿದೆ. ಇದಕ್ಕೆ ಸುಳ್ಳು ಹೇಳುವುದು ಕಷ್ಟ. ಓದುವ ಹುಡುಗ ಮಗ್ಗದ ಶೆಡ್ಡಲ್ಲಿ ಮಲಗುತ್ತಾನೆ, ಬಾಣಂತಿ ಬಂದಾಗ ಗಂಡಸರು ದೇವಸ್ಥಾನದ ಜಗಲಿಗೆ ಹೋಗುತ್ತಾರೆ. ಇವೆಲ್ಲ ಹಾಗೆಯೇ ಹೊರಬಂದವು. ಹೋಗುವ ಹೊತ್ತೂ ಬದಲಾಯಿತು. ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ಹೆಂಗಸರ ವ್ಯಾನು ಊರಿಗೆ ಬರುವುದೇ ಸಂಜೆ ಏಳಕ್ಕೆ. ಹಗಲು ಸಿಗುವ ಗಂಡಸರು "ಏನೂ ತೊಂದ್ರೆ ಇಲ್ಲ ಸಾರ್" ಅಂದುಬಿಡುತ್ತಾರೆ. ಸೊಸೆಯಂದಿರು ಮಾತಾಡುವುದು ಅತ್ತೆ ಹಾಲಿನ ಡೈರಿಗೆ ಹೋದಾಗ.

ಊರಲ್ಲೇ ಇಲ್ಲದವರದು ಇನ್ನೊಂದು ಕಥೆ. ರೇಷನ್ ಕಾರ್ಡಲ್ಲಿ ಹೆಸರಿದೆ, ಆಳು ಬೆಂಗಳೂರಿನ ಪೀಣ್ಯದ ಬಾಡಿಗೆ ರೂಮಲ್ಲಿ. ಅಪ್ಪ ಅಮ್ಮನ ಹತ್ತಿರ ನಂಬರ್ ತಗೊಂಡು ಫೋನ್ ಮಾಡಿದೆ. ಕೆಲವರು ಜಾಗ ಸಿಕ್ಕರೆ ನಾಳೆನೇ ಬರ್ತೀವಿ ಅಂದರು. ಕೆಲವರು ನಕ್ಕರು. ಎರಡನ್ನೂ ಬೇರೆ ಬೇರೆ ಬರೆದೆ.

ಕೊನೆಗೆ ಎಲ್ಲರನ್ನೂ ಮೂರು ಗುಂಪು ಮಾಡಿದೆ: ಸೈಟಿದೆ, ಮನೆಯಿಲ್ಲ. ಸೈಟೂ ಇಲ್ಲ. ಮನೆಯಿದೆ, ಪತ್ರವಿಲ್ಲ. ಮೂರನೆಯವರಿಗೆ ಬೇಕಾದದ್ದು ಇಟ್ಟಿಗೆ ಸಿಮೆಂಟಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡಿದ್ದರೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮ, ಊರಿನ ವಸತಿ ಜಾಗವಾದ ಗ್ರಾಮಠಾಣದೊಳಗಿದ್ದರೆ ಪಂಚಾಯ್ತಿಯ ಇ-ಸ್ವತ್ತು ದಾಖಲೆ. ಇವರನ್ನೂ 'ಮನೆ ಬೇಕು' ಪಟ್ಟಿಗೆ ಸೇರಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ನಿಜವಾದ ಗಂಟು ಇರುವುದು ಎರಡನೆಯ ಗುಂಪಲ್ಲಿ. ಆವಾಸ್‌ನಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಬೆಂಗಳೂರಿನ ಲೇಔಟುಗಳು ಊರ ಬೇಲಿಗೇ ಬಂದು ನಿಂತಿರುವಾಗ ಆ ದುಡ್ಡಿಗೆ ಸೈಟೆಲ್ಲಿ ಬರುತ್ತೆ? ಹಾಗಾಗಿ ಎಷ್ಟು ಮನೆ ಅನ್ನುವುದರ ಮುಂದೆ ಎಷ್ಟು ಜಾಗ ಬೇಕು ಅಂತಲೂ ಬರೆದೆ.

ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಅಜ್ಜಿಯ ಮನೆಯ ಸರದಿ ಬಂತು. ಹಿರಿ ಮಗ ಹಳೇ ಮನೆಯಲ್ಲೇ ಇರುತ್ತಾನೆ, ಉಳಿದ ಇಬ್ಬರಿಗೆ ಬೇಕು. ಹಿಂದಿನಿಂದ ಯಾರೋ "ಅವರಿಗೊಬ್ಬರಿಗೇ ಎರಡಾ?" ಅಂದರು.

ಅಜ್ಜಿ ಕೂತಲ್ಲಿಂದಲೇ ತಿರುಗಿದರು. "ಬಾರಪ್ಪ, ಇವತ್ತು ರಾತ್ರಿ ಕೊಟ್ಟಿಗೇಲಿ ನೀನೇ ಮಲ್ಕೊ."

ಪಿಡಿಒ ನಗುತ್ತಲೇ ಎರಡು ಅಂತ ನಡಾವಳಿಯಲ್ಲಿ ಬರೆದುಕೊಂಡರು.