ಬೇಡವಾದ ಟೈಮ್‌ಶೇರ್‌ನಿಂದ ಬಿಡಿಸಿಕೊಳ್ಳುವುದು ಹೇಗೆ?

ಟೈಮ್‌ಶೇರ್ ಎಂದರೆ ರೆಸಾರ್ಟಿನಲ್ಲಿ ವರ್ಷಕ್ಕೆ ಕೆಲವು ದಿನ ತಂಗುವ ಹಕ್ಕನ್ನು ಹಣ ಕೊಟ್ಟು ಕೊಳ್ಳುವುದು. ಅದಕ್ಕೆ ಮಾಡಿದ ಸಾಲ ಒಂದು ದಿನ ತೀರುತ್ತದೆ, ನಿರ್ವಹಣಾ ಶುಲ್ಕ ತೀರುವುದಿಲ್ಲ. ರೆಸಾರ್ಟ್‌ಗೆ ಹೋದರೂ ಹೋಗದಿದ್ದರೂ ಬಿಲ್ ಬರುತ್ತದೆ. ವಿಮೆ, ಆಸ್ತಿ ತೆರಿಗೆ, ಸಿಬ್ಬಂದಿಯ ಸಂಬಳ, ದುರಸ್ತಿ ಹೀಗೆ ಯಾವುದು ಏರಿದರೂ ಅದು ಟೈಮ್‌ಶೇರ್ ಕೊಂಡ ಮಾಲೀಕರ ಪಾಲಿಗೇ ಬರುತ್ತದೆ. ಕೆಲವರು ಕಟ್ಟುವುದನ್ನು ನಿಲ್ಲಿಸಿದರೆ ಅವರ ಹೊರೆಯೂ ಉಳಿದವರ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ ಟೈಮ್‌ಶೇರ್ ಕೊಂಡು ಈ ಸುಳಿಯಲ್ಲಿ ಸಿಕ್ಕಿದವರು ಮಾಡಬೇಕಾದದ್ದು ಇಷ್ಟು.

ಮೊದಲು ಒಪ್ಪಂದಕ್ಕೆ ಸಹಿ ಹಾಕಿದ ದಿನಾಂಕ ನೋಡಿ. ಕೊಂಡು ಕೆಲವೇ ದಿನಗಳಾಗಿದ್ದರೆ ಕಾರಣ ಹೇಳದೆ ರದ್ದುಮಾಡುವ ಹಕ್ಕು ನಿಮಗಿದೆ. ಫ್ಲೋರಿಡಾದಲ್ಲಿ ಈ ಅವಧಿ 10 ದಿನ, ಕ್ಯಾಲಿಫೋರ್ನಿಯಾದಲ್ಲಿ 7, ನೆವಾಡಾದಲ್ಲಿ 5. ಯುರೋಪಿಯನ್ ಒಕ್ಕೂಟದಲ್ಲಿ 14 ದಿನ. ರದ್ದತಿಯನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಒಪ್ಪಂದದಲ್ಲಿ ಸೂಚಿಸಿದ ವಿಳಾಸಕ್ಕೆ, ಸೂಚಿಸಿದ ವಿಧಾನದಲ್ಲೇ ಪತ್ರ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡಿ. ಮಾರಾಟ ಪ್ರತಿನಿಧಿ ಕರೆಮಾಡಿ 'ಇನ್ನೊಮ್ಮೆ ಕೂತು ಮಾತಾಡೋಣ' ಎಂದರೆ ಒಪ್ಪಬೇಡಿ. ಆ ಮಾತುಕತೆಯಲ್ಲೇ ನಿಮ್ಮ ದಿನಗಳು ಕಳೆದುಹೋಗುತ್ತವೆ.

ಅವಧಿ ಮೀರಿದ್ದರೆ ಕಾಗದಪತ್ರಗಳನ್ನೆಲ್ಲ ಹರಡಿಕೊಂಡು ಕೂರಿ. ನಿಮ್ಮದು ಕ್ರಯಪತ್ರವಿರುವ ಶಾಶ್ವತ ಹಕ್ಕೋ, ಇಂತಿಷ್ಟು ವರ್ಷ ಬಳಸುವ ಹಕ್ಕೋ? ಸಾಲ ಬಾಕಿಯಿದೆಯೇ? ಶುಲ್ಕ ಎಲ್ಲಿಯವರೆಗೆ ಕಟ್ಟಿದ್ದೀರಿ? ಯಾರ ಯಾರ ಹೆಸರಿದೆ? ಮುಂದಿನ ದಾರಿ ಈ ಉತ್ತರಗಳ ಮೇಲೆ ನಿಂತಿದೆ.

ನಂತರ ರೆಸಾರ್ಟನ್ನೇ ಕೇಳಿ. ಜನ ಇದೊಂದನ್ನು ಬಿಟ್ಟು ಬೇರೆಲ್ಲವನ್ನೂ ಮಾಡುತ್ತಾರೆ. ಹಲವು ದೊಡ್ಡ ಕಂಪನಿಗಳು ಹಕ್ಕನ್ನು ಹಿಂಪಡೆಯುವ ವ್ಯವಸ್ಥೆ ಇಟ್ಟುಕೊಂಡಿವೆ, ಆದರೆ ಅದನ್ನು ಸಾರಿ ಹೇಳುವುದಿಲ್ಲ. ಮಾರಾಟ ವಿಭಾಗವನ್ನು ಬಿಟ್ಟು ಮಾಲೀಕರ ಸೇವಾ ವಿಭಾಗಕ್ಕೋ ಮಾಲೀಕರ ಸಂಘಕ್ಕೋ ಬರೆಯಿರಿ: 'ಹಕ್ಕನ್ನು ನಿಮಗೇ ಮರಳಿಸಲು ಬಯಸುತ್ತೇನೆ, ಷರತ್ತುಗಳನ್ನು ಲಿಖಿತವಾಗಿ ತಿಳಿಸಿ.' ಸಾಮಾನ್ಯವಾಗಿ ಸಾಲ ತೀರಿರಬೇಕು, ಶುಲ್ಕ ಬಾಕಿ ಇರಬಾರದು. ಕೊಟ್ಟ ಹಣ ವಾಪಸು ಬರುವುದು ಅಪರೂಪ; ವರ್ಗಾವಣೆ ವೆಚ್ಚವನ್ನು ನೀವೇ ಭರಿಸಬೇಕಾಗಬಹುದು. ಆದರೂ ಮುಂದಿನ ವರ್ಷಗಳ ಬಿಲ್‌ಗಳನ್ನೆಲ್ಲ ಕೂಡಿಸಿ ನೋಡಿದರೆ ಇದು ಒಳ್ಳೆಯ ವ್ಯವಹಾರವೇ. ಒಮ್ಮೆ 'ಇಲ್ಲ' ಎಂದರೆ ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಿ.

ಮಾರುವುದಾದರೆ ಬೆಲೆಯ ಆಸೆ ಬಿಡಿ. ಮರುಮಾರಾಟದಲ್ಲಿ ಎಷ್ಟೋ ಟೈಮ್‌ಶೇರ್‌ಗಳಿಗೆ 1 ಡಾಲರ್ ಕೇಳಿದರೂ ಗಿರಾಕಿಯಿಲ್ಲ. ಆ ವರ್ಷದ ಶುಲ್ಕ ನಾನೇ ಕಟ್ಟಿರುತ್ತೇನೆ ಎಂದು ಸೇರಿಸಿದರೆ ಯಾರಾದರೂ ಮುಂದೆ ಬರಬಹುದು.

ಇಲ್ಲೇ ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. 'ಗಿರಾಕಿ ಸಿದ್ಧವಿದ್ದಾನೆ, ತೆರಿಗೆಗೆ ಸ್ವಲ್ಪ ಮುಂಗಡ ಕಳುಹಿಸಿ' ಎಂದು ಕರೆ ಬಂದರೆ ಅದು ಮೋಸ. ಮೆಕ್ಸಿಕೋದ ಹಲಿಸ್ಕೋ ಮಾದಕವಸ್ತು ಜಾಲವೇ ಇಂಥ ದಂಧೆಗೆ ಇಳಿದಿದ್ದು, ಅದಕ್ಕೆ ಸಂಬಂಧಿಸಿದ ಕಂಪನಿಗಳ ಮೇಲೆ 2023ರಲ್ಲಿ ಅಮೆರಿಕದ ಖಜಾನೆ ಇಲಾಖೆ ನಿರ್ಬಂಧ ಹೇರಿತು. ಗುರಿಯಾದವರಲ್ಲಿ ವಯಸ್ಸಾದ ಮಾಲೀಕರು ಅನೇಕರು. ಖಂಡಿತ ಬಿಡಿಸಿಕೊಡುತ್ತೇವೆ ಎಂದು ಸಾವಿರಾರು ಡಾಲರ್ ಮೊದಲೇ ವಸೂಲಿ ಮಾಡುವ ಕಂಪನಿಗಳಿಂದಲೂ ದೂರವಿರಿ. ಅವರು ಸಾಮಾನ್ಯವಾಗಿ ಹೇಳುವ ಮಾತು 'ಶುಲ್ಕ ಕಟ್ಟುವುದನ್ನು ನಿಲ್ಲಿಸಿ' ಎಂಬುದು. ನಿಲ್ಲಿಸಿದರೆ ದಂಡ, ವಸೂಲಿದಾರರ ಕಾಟ, ಜಪ್ತಿ, ಸಾಲ ಪಡೆಯುವ ಅರ್ಹತೆಗೆ ಪೆಟ್ಟು ಎಲ್ಲವೂ ನಿಮಗೆ. ಆ ಕಂಪನಿಗೆ ಏನೂ ಆಗುವುದಿಲ್ಲ. ಸುಳ್ಳು ಹೇಳಿ ಮಾರಿದ್ದಾರೆ ಎಂಬುದಕ್ಕೆ ಪುರಾವೆಯಿದ್ದರೆ ನೀವೇ ಆರಿಸಿದ ವಕೀಲರನ್ನು ಕಾಣಿ. ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಕಚೇರಿಗೂ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೂ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ.

ಹಿರಿಯರು ತೀರಿಕೊಂಡಾಗ ಮಕ್ಕಳಿಗೆ ಬರುವ ಟೈಮ್‌ಶೇರ್‌ ಅನ್ನು ಒಪ್ಪಿಕೊಳ್ಳಲೇಬೇಕೆಂದಿಲ್ಲ. ಉತ್ತರಾಧಿಕಾರವನ್ನು ಲಿಖಿತವಾಗಿ ನಿರಾಕರಿಸಬಹುದು. ಅಲ್ಲಿಯವರೆಗೆ ಅದನ್ನು ಒಂದು ದಿನವೂ ಬಳಸಬೇಡಿ.

ಯಾವ ದಾರಿ ಹಿಡಿದರೂ ಕೆಲಸ ಮುಗಿದದ್ದು ಕಾಗದದಲ್ಲಿ ಕಾಣಬೇಕು. ಕ್ರಯಪತ್ರದ ಹಕ್ಕಾಗಿದ್ದರೆ ರೆಸಾರ್ಟ್ ಇರುವ ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕದ) ದಾಖಲೆ ಕಚೇರಿಯಲ್ಲಿ ವರ್ಗಾವಣೆ ನೋಂದಣಿಯಾಗಿದೆಯೇ ಎಂದು ಪರಿಶೀಲಿಸಿ. ಇನ್ನು ಮುಂದೆ ನಿಮ್ಮಿಂದ ಯಾವ ಬಾಕಿಯೂ ಇಲ್ಲ ಎಂಬ ಪತ್ರವನ್ನು ರೆಸಾರ್ಟ್‌ನಿಂದ ಪಡೆಯಿರಿ. ಶುಲ್ಕ ತಾನಾಗಿ ಕಡಿತವಾಗುವ ವ್ಯವಸ್ಥೆಯನ್ನು ಬ್ಯಾಂಕಿನಲ್ಲಿ ರದ್ದುಮಾಡುವುದು ಆ ಪತ್ರ ಕೈಸೇರಿದ ಮೇಲೆ.