ಕರಾವಳಿ, ಮಲೆನಾಡಿನ ಮಳೆಗೆ ಪರ್ಫಾರ್ಮೆನ್ಸ್ ಟೈರ್ ಆರಿಸುವ ಬಗೆ

ಜೂನ್ ಮೊದಲ ವಾರ ಮುಂಗಾರು ಹಿಡಿದರೆ ಸೆಪ್ಟೆಂಬರ್ ಮುಗಿಯುವವರೆಗೆ ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯಲ್ಲೂ ಅದರ ಬೆನ್ನಿಗಿರುವ ಮಲೆನಾಡಿನಲ್ಲೂ ರಸ್ತೆ ಪೂರ್ತಿ ಒಣಗುವ ದಿನಗಳು ಬೆರಳೆಣಿಕೆಯಷ್ಟು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಾಗಲಿ, ಅದರ ಸುಮಾರು ಎರಡರಷ್ಟು ಮಳೆ ಕಾಣುವ ಆಗುಂಬೆಯ ಆಸುಪಾಸಿನಲ್ಲಾಗಲಿ, ಟರ್ಬೊ ಎಂಜಿನ್ನಿನ ಚುರುಕು ಕಾರು ಇಟ್ಟುಕೊಂಡವರು ಟೈರ್ ಬದಲಿಸುವಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಯಾವ ಕಂಪನಿಯದು ಒಳ್ಳೆಯದು’ ಎಂಬುದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಮ್ಮ ಕಾರು ಹೆಚ್ಚಾಗಿ ಓಡುವುದು ನಿಂತ ನೀರಿನ ಮೇಲೋ, ಬರೀ ಒದ್ದೆಯಾದ ರಸ್ತೆಯ ಮೇಲೋ?

ಇವೆರಡನ್ನೂ ಮಳೆ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಟೈರಿನ ಪಾಲಿಗೆ ಇವು ಎರಡು ಪ್ರತ್ಯೇಕ ಕೆಲಸಗಳು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಯಿಂದ ಕುಂದಾಪುರದ ಕಡೆಗೆ ವೇಗವಾಗಿ ಹೋಗುವಾಗ, ಲಾರಿಗಳ ಚಕ್ರ ಓಡಿ ತಗ್ಗಾದ ಜಾಡಿನಲ್ಲಿ ನೀರು ನಿಂತಿರುತ್ತದೆ. ಆ ನೀರನ್ನು ಪಕ್ಕಕ್ಕೆ ತಳ್ಳದೆ ರಬ್ಬರು ರಸ್ತೆಯನ್ನು ಮುಟ್ಟುವುದೇ ಇಲ್ಲ. ಚಾರ್ಮಾಡಿ ಘಾಟಿಯಲ್ಲಿಯೋ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿಯೋ ವೇಗ ಕಡಿಮೆ, ಇಳಿಜಾರಿನಿಂದಾಗಿ ನೀರು ಹೆಚ್ಚು ನಿಲ್ಲುವುದೂ ಇಲ್ಲ; ಅಲ್ಲಿ ಕಾಡುವುದು ಮರದ ನೆರಳಿನಲ್ಲಿ ಪಾಚಿ ಕಟ್ಟಿ, ಗುಡ್ಡದಿಂದ ಕೆಮ್ಮಣ್ಣು ಹರಿದು ಬಂದು ನುಣುಪಾದ ರಸ್ತೆಯ ಮೈ. ಮೊದಲನೆಯದಕ್ಕೆ ಬೇಕಾದದ್ದು ಟೈರಿನ ಮೈಯಲ್ಲಿ ಕೊರೆದ ಆಳವಾದ ತೋಡುಗಳು, ಎರಡನೆಯದಕ್ಕೆ ಬೇಕಾದದ್ದು ಒದ್ದೆ ಕಲ್ಲಿಗೂ ಅಂಟಿಕೊಳ್ಳುವ ರಬ್ಬರು. ಒಂದು ಟೈರ್ ಇವೆರಡರಲ್ಲಿ ಒಂದನ್ನು ಚೆನ್ನಾಗಿ ಮಾಡಿ ಇನ್ನೊಂದರಲ್ಲಿ ಸಾಧಾರಣವಾಗಿರುವುದು ತೀರ ಸಾಮಾನ್ಯ.

ನೀರು ಹೊರಹಾಕುವ ಕೆಲಸ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಮುಂತಾದ ಕಾರುಗಳಲ್ಲಿ ಬರುವ 205/55 ಆರ್16 ಅಳತೆಯ ಟೈರನ್ನು ತೆಗೆದುಕೊಳ್ಳೋಣ. ಅದರ ಅಗಲ 205 ಮಿಲಿಮೀಟರ್; 55 ಎಂದರೆ ಪಕ್ಕಗೋಡೆಯ ಎತ್ತರ ಆ ಅಗಲದ ಶೇಕಡಾ 55, 16 ಎಂದರೆ ರಿಮ್ಮಿನ ವ್ಯಾಸ ಇಂಚುಗಳಲ್ಲಿ. ರಸ್ತೆಯಲ್ಲಿ 3 ಮಿಲಿಮೀಟರ್ ನೀರು ನಿಂತಿದ್ದು, ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದರೆ, ಒಂದು ಟೈರಿನ ದಾರಿಗೆ ಸೆಕೆಂಡಿಗೆ 13 ಲೀಟರಿಗೂ ಹೆಚ್ಚು ನೀರು ಅಡ್ಡ ಬರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಕೊಡ. ಮಳೆಗಾಲಕ್ಕೆ ಮುಂಚೆ ಅಡಿಕೆ ತೋಟದ ಬಸಿಗಾಲುವೆಯ ಹೂಳು ತೆಗೆಯುವವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ: ಕಾಲುವೆಯ ಆಳ ಕಡಿಮೆಯಾದಷ್ಟೂ ನೀರು ತೋಟದಲ್ಲೇ ನಿಲ್ಲುತ್ತದೆ. ಹೊಸ ಟೈರಿನ ತೋಡುಗಳು ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರ್ ಆಳವಿರುತ್ತವೆ. ಅವುಗಳ ತಳದಲ್ಲಿರುವ ಸವೆತ ಸೂಚಕದ ದಿಂಡು ಟೈರಿನ ಮೈಗೆ ಸಮನಾಗುವುದು 1.6 ಮಿಲಿಮೀಟರ್ ಉಳಿದಾಗ. ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯುವುದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. 3 ಮಿಲಿಮೀಟರಿಗೆ ಇಳಿದ ಟೈರನ್ನು ಹೆದ್ದಾರಿಯ ಮುಂಗಾರಿಗೆ ಒಯ್ಯಬಾರದು. ಏಪ್ರಿಲ್‌ನಲ್ಲಿ ಆಳ 4 ಮಿಲಿಮೀಟರ್ ಇದ್ದರೆ, ಆ ಮಳೆಗಾಲವನ್ನು ಅದು ದಾಟಿಸುವುದೇ ಎಂಬುದನ್ನು ನಿಮ್ಮ ಓಡಾಟದ ಲೆಕ್ಕದಲ್ಲಿ ಆಗಲೇ ಅಂದಾಜು ಮಾಡಬೇಕು. ಆಳ ಅಳೆಯುವ ಸಣ್ಣ ಗೇಜ್ ಅಗ್ಗಕ್ಕೆ ಸಿಗುತ್ತದೆ. ಅದನ್ನು ಟೈರಿನ ಒಳ ಅಂಚಿನ ತೋಡಿನಲ್ಲೂ ಇಳಿಸಿ ನೋಡಿ, ಏಕೆಂದರೆ ಅಲೈನ್‌ಮೆಂಟ್ ತಪ್ಪಿದ ಕಾರಿನಲ್ಲಿ ಹೊರ ಅಂಚು ಚೆನ್ನಾಗಿ ಕಾಣುತ್ತಿದ್ದರೂ ಒಳ ಅಂಚು ಬೋಳಾಗಿರುತ್ತದೆ.

ಅಗಲದ ವಿಷಯದಲ್ಲಿ ಚುರುಕು ಕಾರಿನವರು ಹೆಚ್ಚಾಗಿ ಎಡವುತ್ತಾರೆ, ನಾನೂ ಎಡವಿದ್ದೇನೆ. 205/55 ಆರ್16 ಬದಲು 225/45 ಆರ್17 ಹಾಕಿದರೆ ಚಕ್ರದ ಒಟ್ಟು ವ್ಯಾಸ ಅರ್ಧ ಶೇಕಡಾದಷ್ಟೂ ಬದಲಾಗುವುದಿಲ್ಲ, ಸ್ಪೀಡೋಮೀಟರ್ ಸರಿಯಾಗಿಯೇ ತೋರಿಸುತ್ತದೆ, ಒಣ ರಸ್ತೆಯ ತಿರುವಿನಲ್ಲಿ ಹಿಡಿತ ಹೆಚ್ಚಿದ್ದೂ ಕೂಡಲೇ ಗೊತ್ತಾಗುತ್ತದೆ. ಆದರೆ ಅಗಲ ಟೈರ್ ತಳ್ಳಬೇಕಾದ ನೀರು ಹೆಚ್ಚು, ನಡುವಿನ ನೀರು ಅಂಚಿಗೆ ಹರಿದು ಹೋಗಬೇಕಾದ ದೂರವೂ ಹೆಚ್ಚು. ಕಾರಿನ ತೂಕ ಮಾತ್ರ ಅಷ್ಟೇ ಇರುವುದರಿಂದ ಅದೇ ಮಾದರಿಯ ಅಗಲ ಟೈರ್ ನಿಂತ ನೀರಿನ ಮೇಲೆ ಬೇಗ ತೇಲತೊಡಗುತ್ತದೆ. ಹಾಗೆ ತೇಲಿದ ಗಳಿಗೆಯಲ್ಲಿ ಸ್ಟೀರಿಂಗ್ ಕೈಯಲ್ಲಿ ದಿಢೀರನೆ ಹಗುರವಾಗುತ್ತದೆ. ಒಮ್ಮೆ ಅನುಭವಿಸಿದವರು ಅದನ್ನು ಮರೆಯಲಾರರು. ಜೊತೆಗೆ, ಮಳೆಗಾಲದ ಹೊಂಡಗಳು ನೀರಿನಡಿ ಅಡಗಿರುವಾಗ 45ರ ಕಿರಿದಾದ ಪಕ್ಕಗೋಡೆಗೆ ಪೆಟ್ಟು ತಡೆಯುವ ಶಕ್ತಿ ಕಡಿಮೆ. ಆದ್ದರಿಂದ ವರ್ಷದ ನಾಲ್ಕು ತಿಂಗಳು ಒದ್ದೆಯಲ್ಲೇ ಓಡುವ ಕಾರಿಗೆ ಕಂಪನಿ ಕೊಟ್ಟ ಅಗಲವನ್ನೇ ಉಳಿಸಿಕೊಂಡು, ಆ ಹಣವನ್ನು ಅದೇ ಅಳತೆಯ ಮೇಲ್ದರ್ಜೆಯ ಟೈರಿಗೆ ಹಾಕುವುದು ಉತ್ತಮ.

ಇನ್ನು ರಬ್ಬರಿನ ಮಾತು. ಒದ್ದೆ ರಸ್ತೆಯಲ್ಲಿ ಹಿಡಿತ ಹುಟ್ಟುವುದು, ಜಲ್ಲಿಯ ಮೈಯಲ್ಲಿರುವ ಸಣ್ಣಸಣ್ಣ ಉಬ್ಬುತಗ್ಗುಗಳೊಳಗೆ ರಬ್ಬರು ಇಳಿದು, ಹಿಂದಕ್ಕೆ ಮರಳುವಾಗ ಶಕ್ತಿಯನ್ನು ಕಳೆದುಕೊಳ್ಳುವುದರಿಂದ. ಹಿಂದೆ ಟೈರಿನ ರಬ್ಬರಿಗೆ ಮುಖ್ಯವಾಗಿ ಕಾರ್ಬನ್ ಬ್ಲ್ಯಾಕ್ ಬೆರೆಸುತ್ತಿದ್ದರು. 1990ರ ದಶಕದಿಂದ ಈಚೆಗೆ ಅದರ ಬಹುಪಾಲನ್ನು ಸಿಲಿಕಾ ತೆಗೆದುಕೊಂಡದ್ದರಿಂದ, ಉರುಳುವಿಕೆಯ ಪ್ರತಿರೋಧವನ್ನು ಹೆಚ್ಚಿಸದೆಯೇ ಒದ್ದೆಯಲ್ಲಿ ಹಿಡಿತ ಹೆಚ್ಚಿಸಲು ಸಾಧ್ಯವಾಯಿತು. ಹೆಚ್ಚು ಬಾಳಿಕೆಯನ್ನೇ ಗುರಿಯಾಗಿಸಿದ ಗಟ್ಟಿ ರಬ್ಬರಿನ ಟೈರ್‌ಗಳು ಘಾಟಿಯ ನುಣುಪು ತಿರುವುಗಳಲ್ಲಿ ಸೋಲುತ್ತವೆ. ಹಾಗೆಂದು ಯುರೋಪಿನ ಚಳಿಗಾಲದ ಟೈರ್‌ಗಳತ್ತ ನೋಡಬೇಕಾಗಿಲ್ಲ: ಅವುಗಳ ರಬ್ಬರು ಹೊಂದುವುದು ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪಿಗೆ, ನಮ್ಮ ಘಾಟಿಯ ಮೇಲೂ ಮಳೆಗಾಲದಲ್ಲಿ ಉಷ್ಣಾಂಶ ಅಲ್ಲಿಗೆ ಇಳಿಯುವುದಿಲ್ಲ. ನಮ್ಮದು ಬೆಚ್ಚನೆಯ ಮಳೆ. ಅದಕ್ಕೆ ಬೇಸಿಗೆ ವರ್ಗದ, ವೇಗ ಮತ್ತು ಹಿಡಿತಕ್ಕೆ ಆದ್ಯತೆ ಕೊಡುವ ಒಳ್ಳೆಯ ಪರ್ಫಾರ್ಮೆನ್ಸ್ ಟೈರೇ ಸರಿ. ರೇಸ್ ಟ್ರ್ಯಾಕಿಗೆಂದು ಮಾಡಿದ, ತೋಡುಗಳೇ ವಿರಳವಾದ ಸೆಮಿ-ಸ್ಲಿಕ್ ಟೈರ್‌ಗಳನ್ನು ಮಾತ್ರ ಯಾವ ಕಾರಣಕ್ಕೂ ಮಳೆಗಾಲದಲ್ಲಿ ಹಾಕಬೇಡಿ.

ರಬ್ಬರಿನ ಗುಣವನ್ನು ಅಂಗಡಿಯಲ್ಲಿ ಕೈಯಿಂದ ಒತ್ತಿ ತಿಳಿಯಲಾಗದು, ಬರಹದ ಮೊರೆ ಹೋಗಬೇಕು. ಭಾರತದಲ್ಲಿ ಎಐಎಸ್-142 ಎಂಬ ಮಾನದಂಡ ಒದ್ದೆ ಹಿಡಿತಕ್ಕೂ ಒಂದು ಕನಿಷ್ಠ ಮಟ್ಟವನ್ನು ಗೊತ್ತುಮಾಡಿದೆ. ಟೈರಿನ ಮೇಲಿನ ನಕ್ಷತ್ರಗಳ, ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊದ (ಬಿಇಇ) ಲೇಬಲ್ ತಿಳಿಸುವುದು ಇಂಧನದ ಉಳಿತಾಯವನ್ನು; ಐದು ನಕ್ಷತ್ರವೆಂದರೆ ಮಳೆಯಲ್ಲಿಯೂ ಐದು ನಕ್ಷತ್ರವೆಂದು ಭಾವಿಸಬಾರದು. ಯುರೋಪಿನ ಲೇಬಲ್ ಹೆಚ್ಚು ಉಪಯುಕ್ತ, ಏಕೆಂದರೆ 2021ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಅದರ ಹೊಸ ರೂಪದಲ್ಲಿ ಒದ್ದೆ ಹಿಡಿತಕ್ಕೆಂದೇ ಎ ಯಿಂದ ಇ ವರೆಗೆ ಪ್ರತ್ಯೇಕ ದರ್ಜೆಯಿದೆ. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಬ್ರೇಕ್ ಹಾಕಿದಾಗ ಒಂದೊಂದು ದರ್ಜೆಗೂ ಕಾರು ನಿಲ್ಲುವ ದೂರದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಬರುತ್ತದೆ. ಎ ದರ್ಜೆಯನ್ನೇ ಹುಡುಕಿ, ಬಿ ಸಿಕ್ಕರೂ ಸಾಕು, ಅದಕ್ಕಿಂತ ಕೆಳಗೆ ಇಳಿಯಬೇಡಿ. ಆದರೆ ಒಂದೇ ಹೆಸರಿನ ಟೈರ್ ಬೇರೆ ಬೇರೆ ದೇಶಗಳಿಗೆ ಬೇರೆ ರಬ್ಬರಿನಲ್ಲಿ ತಯಾರಾಗಬಹುದು. ಆದ್ದರಿಂದ ಹೆಸರಿನ ಜೊತೆಗೆ ಅಳತೆ, ಭಾರ ಮತ್ತು ವೇಗದ ಗುರುತು, ತಯಾರಾದ ದೇಶ ಎಲ್ಲವೂ ಹೊಂದುತ್ತವೆಯೇ ಎಂದು ನೋಡಿಕೊಳ್ಳಿ. ಈ ದರ್ಜೆ ಹೇಳುವುದು ಒದ್ದೆ ರಸ್ತೆಯ ಬ್ರೇಕಿಂಗನ್ನು ಮಾತ್ರ, ನಿಂತ ನೀರಿನಲ್ಲಿ ತೇಲುವ ವೇಗವನ್ನಲ್ಲ. ಅಮೆರಿಕದ ಪದ್ಧತಿಯಂತೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಎಎ, ಎ, ಬಿ ಎಂಬ ಟ್ರ್ಯಾಕ್ಷನ್ ಗುರುತಿಗೂ ಇದೇ ಮಿತಿಯಿದೆ. ಜರ್ಮನಿಯ ಎಡಿಎಸಿ ಸಂಸ್ಥೆಯಂಥವರು ನಡೆಸುವ ಹೋಲಿಕೆ ಪರೀಕ್ಷೆಗಳಲ್ಲಿ ಒದ್ದೆ ಬ್ರೇಕಿಂಗ್ ಮತ್ತು ಅಕ್ವಾಪ್ಲೇನಿಂಗ್ (ನಿಂತ ನೀರಿನ ಮೇಲೆ ತೇಲುವುದು) ಅಂಕಗಳು ಪ್ರತ್ಯೇಕವಾಗಿ ಸಿಗುತ್ತವೆ. ಹೆದ್ದಾರಿಯವರು ಎರಡನೆಯದನ್ನೂ, ಘಾಟಿಯವರು ಮೊದಲನೆಯದನ್ನೂ ಮುಖ್ಯವಾಗಿ ಓದಬೇಕು.

ತೋಡುಗಳ ವಿನ್ಯಾಸದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬಾಣದ ಮೊನೆಯಂತೆ ಒಂದೇ ದಿಕ್ಕಿಗೆ ಕೊರೆದ ಟೈರ್ ನೀರನ್ನು ಚೆನ್ನಾಗಿ ಚೆಲ್ಲುತ್ತದೆ, ಆದರೆ ಎಡಬಲ ಅದಲುಬದಲು ಮಾಡಲಾಗದು. ಒಳಬದಿ ಮತ್ತು ಹೊರಬದಿ ಬೇರೆಬೇರೆಯಾಗಿರುವ ಅಸಮ ವಿನ್ಯಾಸದಲ್ಲಿ ಸುತ್ತ ಹರಿಯುವ ಅಗಲ ತೋಡುಗಳು ನಾಲ್ಕಿದ್ದರೆ ನಮ್ಮ ಬಳಕೆಗೆ ಒಳ್ಳೆಯದು. ಹೊರಬದಿಯ ಗುರುತು ಹೊರಕ್ಕೇ ಬಂದಿದೆಯೇ ಎಂದು ಅಂಗಡಿಯಿಂದ ಹೊರಡುವ ಮುನ್ನ ನಾಲ್ಕೂ ಚಕ್ರ ನೋಡಿ. ತಯಾರಾದ ದಿನವನ್ನು ಖರೀದಿಗೆ ಮೊದಲೇ ಓದಬೇಕು: ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 1425 ಎಂದಿದ್ದರೆ 2025ರ 14ನೇ ವಾರ. ವರ್ಷಗಳು ಕಳೆದಂತೆ ರಬ್ಬರು ಗಟ್ಟಿಯಾಗಿ, ತೋಡು ಆಳವಿದ್ದರೂ ಒದ್ದೆ ಹಿಡಿತ ಕುಂದುವುದರಿಂದ, ಗೋದಾಮಿನಲ್ಲಿ ಎರಡು ವರ್ಷ ಕೂತ ಟೈರನ್ನು ರಿಯಾಯಿತಿಗೆ ಕೊಟ್ಟರೂ ನಾನು ಕೊಳ್ಳುವುದಿಲ್ಲ.

ನಾಲ್ಕನ್ನೂ ಒಟ್ಟಿಗೆ ಬದಲಿಸಲಾಗದೆ ಎರಡನ್ನೇ ಕೊಂಡರೆ, ಹೊಸವು ಹಿಂದಿನ ಚಕ್ರಗಳಿಗೆ ಹೋಗಬೇಕು, ಕಾರು ಮುಂದಿನ ಚಕ್ರಗಳಿಂದ ಓಡುವಂಥದ್ದಾಗಿದ್ದರೂ ಸರಿ. ‘ಎಂಜಿನ್ ಎಳೆಯುವುದು ಮುಂದೆ, ಹೊಸ ಟೈರ್ ಮುಂದೆಯೇ ಇರಲಿ’ ಎಂಬ ಮಾತು ಅನೇಕ ಅಂಗಡಿಗಳಲ್ಲಿ ಕೇಳಿಬರುತ್ತದೆ. ಮುಂದಿನ ಚಕ್ರ ಹಿಡಿತ ತಪ್ಪಿದರೆ ಕಾರು ತಿರುಗದೆ ನೇರ ಜಾರುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಮತ್ತೆ ಕೈಗೆ ಬರುವ ಸಾಧ್ಯತೆ ಇರುತ್ತದೆ. ಹಿಂದಿನದು ತಪ್ಪಿದರೆ ಕಾರು ಸುತ್ತಿಬಿಡುತ್ತದೆ. ಘಾಟಿ ಇಳಿಯುತ್ತ ಬ್ರೇಕ್ ಹಾಕುವಾಗ ತೂಕವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿರುತ್ತದೆ; ಸವೆದ ಟೈರ್ ಅಲ್ಲಿರುವುದು ಅತ್ಯಂತ ಅಪಾಯಕರ.

ಎಷ್ಟೇ ಒಳ್ಳೆಯ ಟೈರಿಗೂ ಗಾಳಿ ಸರಿಯಾಗಿರಬೇಕು. ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನದ ಟೈರ್‌ಗಳ ಮೇಲೆ ನಡೆಸಿದ ಅಧ್ಯಯನದಿಂದ ಬಂದ ಸೂತ್ರದ ಪ್ರಕಾರ, ಟೈರ್ ನೀರಿನ ಮೇಲೆ ತೇಲತೊಡಗುವ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಕಾರಿಗೆ ಇದು ಸ್ಥೂಲ ಅಂದಾಜು ಮಾತ್ರ. ಆದರೂ ಬೋಳಾದ ಟೈರಿನಲ್ಲಿ 33 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 95 ಕಿಲೋಮೀಟರ್, ಅದೇ 25ಕ್ಕೆ ಇಳಿದಿದ್ದರೆ ಸುಮಾರು 83 ಕಿಲೋಮೀಟರ್ ಎಂದು ಲೆಕ್ಕ ಬರುತ್ತದೆ. ಮಳೆಯಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಇದರಿಂದಲೇ ಸುಳ್ಳಾಗುತ್ತದೆ. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಬರೆದಷ್ಟನ್ನು ಟೈರ್ ತಣ್ಣಗಿರುವಾಗ ಹದಿನೈದು ದಿನಕ್ಕೊಮ್ಮೆ ಹಾಕಿಸಿ. ಗಾಳಿಯ ಬದಲು ನೈಟ್ರೋಜನ್ ತುಂಬಿಸುವುದರಿಂದ ಒದ್ದೆ ಹಿಡಿತಕ್ಕೆ ಯಾವ ಲಾಭವೂ ಇಲ್ಲ.

ಹೊಸ ಟೈರನ್ನು ಮೊದಲ ಮಳೆಯ ದಿನ ಹಾಕಿಸುವುದಕ್ಕಿಂತ ಮೇ ಮಧ್ಯದಲ್ಲೇ ಹಾಕಿಸಿಕೊಳ್ಳುವುದು ಮೇಲು. ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ಲೇಪ ಹೊಸ ಮೈಮೇಲೆ ಉಳಿದಿರುತ್ತದೆ, ಅದು ಸವೆದು ರಬ್ಬರು ಹದಕ್ಕೆ ಬರಲು ಕೆಲವು ನೂರು ಕಿಲೋಮೀಟರ್ ಬೇಕು. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು, ರಬ್ಬರಿನ ಪುಡಿ ಮೊದಲ ಹನಿಗಳೊಂದಿಗೆ ಕಲೆಸಿ ಜಿಡ್ಡಾಗುವ ಆ ಒಂದೆರಡು ದಿನಗಳಲ್ಲಿ, ಹದಕ್ಕೆ ಬಾರದ ಟೈರಿನೊಂದಿಗೆ ಶಿರಾಡಿಯ ಕಾಂಕ್ರೀಟ್ ಇಳಿಜಾರಿಗೆ ಹೋಗುವಂತಾಗಬಾರದು.