ಎಡಕ್ಕೆ ಹೋದ ನಾಯಿ

ಡಚ್ ಕಲಾವಿದ ರೆಂಬ್ರಾಂಟ್ 1633ರಲ್ಲಿ ಮಾಡಿದ ‘ಒಳ್ಳೆಯ ಸಮಾರ್ಯದವನು’ ಎಚ್ಚಿಂಗನ್ನು (ಸೂಜಿಯಲ್ಲಿ ಗೀಚಿದ ಗೆರೆಗಳನ್ನು ದ್ರಾವಣದಲ್ಲಿ ಕೊರೆಸಿ, ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಅಚ್ಚುಚಿತ್ರ) ತಾಮ್ರದ ಮೇಲೆ ನಕಲು ಮಾಡಲು ಕೂತಿದ್ದು ಗೆರೆ ಕಲಿಯೋಣ ಅಂತ, ಅಷ್ಟೇ. ಮೂಲದ ಅಳತೆಗೇ, ಸುಮಾರು 25 ಸೆಂ.ಮೀ. ಎತ್ತರಕ್ಕೆ, ಒಂದು ಪ್ರತಿ ತೆಗೆಸಿ ಗೋಡೆಗೆ ಅಂಟಿಸಿಕೊಂಡೆ.

ಪ್ಲೇಟ್ ಬಿಸಿ ಮಾಡಿ ಮೇಣದ ಗ್ರೌಂಡ್, ಅಂದರೆ ದ್ರಾವಣ ತಾಗದಂತೆ ತಡೆಯುವ ಪದರ, ಬಳಿದೆ. ಮೇಣದಬತ್ತಿಯ ಹೊಗೆ ಹಿಡಿದು ಕಪ್ಪು ಮಾಡಿದೆ. ಸೂಜಿ ಎಳೆದ ಕಡೆಯೆಲ್ಲ ತಾಮ್ರ ಮಿನುಗುತ್ತದೆ, ನೋಡಲು ಖುಷಿ.

ಬೈಬಲಿನ ಲೂಕನ ಸುವಾರ್ತೆಯ ಕಥೆ ಗೊತ್ತಲ್ವಾ? ಕಳ್ಳರು ಹೊಡೆದು ಬಿಟ್ಟುಹೋದವನನ್ನು ಯಾಜಕ, ಲೇವಿ (ದೇವಾಲಯದ ಸೇವಕ) ಇಬ್ಬರೂ ನೋಡಿ ದಾಟಿ ಹೋಗುತ್ತಾರೆ. ಸಮಾರ್ಯದವನು ಮಾತ್ರ ಗಾಯ ಕಟ್ಟಿ, ಛತ್ರಕ್ಕೆ ಕರೆತಂದು, ಎರಡು ಬೆಳ್ಳಿ ನಾಣ್ಯ ಕೊಟ್ಟು ನೋಡಿಕೊಳ್ಳಲು ಹೇಳುತ್ತಾನೆ. ರೆಂಬ್ರಾಂಟ್ ಹಿಡಿದಿರುವುದು ಛತ್ರದ ಬಾಗಿಲನ್ನು. ಸಮಾರ್ಯದವನು ನಮಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ನಿಂತಿದ್ದಾನೆ. ಗಾಯಾಳುವನ್ನು ಕುದುರೆಯಿಂದ ಇಳಿಸುತ್ತಿರುವುದು ಒಬ್ಬ ಆಳು. ಅವನ ಕೈ ಎಲ್ಲಿ ಮುಗಿದು ಗಾಯಾಳುವಿನ ಮೈ ಎಲ್ಲಿ ಶುರುವಾಗುತ್ತದೆ ಅಂತ ತಿಳಿಯಲು ನನಗೆ ಎರಡು ಸಂಜೆ ಬೇಕಾಯಿತು. ಹಿಂದೆ ಒಬ್ಬ ಹೆಂಗಸು ಬಾವಿಯಿಂದ ನೀರು ಸೇದುತ್ತಿದ್ದಾಳೆ, ಅವಳಿಗೆ ಇದ್ಯಾವುದರ ಪರಿವೆಯೂ ಇಲ್ಲ. ಮುಂದೆಯೇ, ಬಲಗಡೆ ಮೂಲೆಯಲ್ಲಿ, ನಾಯಿಯೊಂದು ಕಕ್ಕ ಮಾಡುತ್ತಾ ಕೂತಿದೆ! ಬಿಟ್ಟುಬಿಡೋಣ ಅನ್ನಿಸಿತು. ಆದರೆ ಬೆರಳಲ್ಲಿ ಅದನ್ನು ಮುಚ್ಚಿ ನೋಡಿದರೆ ಇಡೀ ಅಂಗಳವೇ ನಾಟಕದ ರಂಗದಂತೆ ಕಂಡಿತು. ಹಾಗೇ ಇಟ್ಟೆ.

ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್‌ನಲ್ಲಿ ಪ್ಲೇಟನ್ನು ಮುಖ ಕೆಳಗೆ ಮಾಡಿಯೇ ಇಡಬೇಕು, ಇಲ್ಲವಾದರೆ ಗೆರೆಯಲ್ಲಿ ಮಡ್ಡಿ ಕೂರುತ್ತದೆ. ಇದು ಹಿಂದೆ ಒಂದು ಪ್ಲೇಟ್ ಹಾಳು ಮಾಡಿ ಕಲಿತ ಪಾಠ. ತೆಳು ಗೆರೆಗಳಿಗೆ ಸ್ವಲ್ಪ ಹೊತ್ತು ಸಾಕು. ಆಮೇಲೆ ಅವು ಇನ್ನಷ್ಟು ಕೊರೆಯದಂತೆ ವಾರ್ನಿಶ್ ಬಳಿದು, ದಪ್ಪ ಗೆರೆಗಳಿಗಾಗಿ ಮತ್ತೆ ಮುಳುಗಿಸಿದೆ.

ಒದ್ದೆ ಕಾಗದ ಇಟ್ಟು ಮೊದಲ ಪ್ರೂಫ್ (ಪರೀಕ್ಷೆಯ ಅಚ್ಚು) ಎತ್ತಿದಾಗ ತಲೆ ಚಚ್ಚಿಕೊಂಡೆ. ಛತ್ರ ಬಲಕ್ಕೆ ಬಂದಿದೆ, ನಾಯಿ ಎಡಕ್ಕೆ ಹೋಗಿದೆ. ಕಂಡಂತೆಯೇ ಗೀಚಿದರೆ ಅಚ್ಚು ತಿರುಗಿ ಬೀಳುತ್ತದೆ ಅನ್ನುವುದು ಮೊದಲ ದಿನದ ಪಾಠ, ಅದನ್ನೇ ಮರೆತಿದ್ದೆ.

ಬೇಜಾರಲ್ಲಿ ಹುಡುಕುತ್ತಿದ್ದಾಗ ಲಂಡನ್ನಿನ ಮ್ಯೂಸಿಯಂ ವಾಲೆಸ್ ಕಲೆಕ್ಷನ್‌ನಲ್ಲಿರುವ, ಇದೇ ದೃಶ್ಯದ 1630ರ ಪುಟ್ಟ ವರ್ಣಚಿತ್ರ ಸಿಕ್ಕಿತು. ಅದರಲ್ಲಿ ಛತ್ರ ಬಲಗಡೆಗೇ ಇದೆ! ನನ್ನ ಪ್ರೂಫ್ ಅದರ ದಿಕ್ಕಿಗೇ ಬಂದುಬಿಟ್ಟಿತ್ತು. ಅದರಲ್ಲಿ ನಾಯಿ ಮಾತ್ರ ಇಲ್ಲ.

ಇನ್ನೊಂದು ವಿಷಯ. ಎಚ್ಚಿಂಗ್‌ನ ಮೊದಲ ಹಂತದ, ಅಂದರೆ ಪ್ಲೇಟನ್ನು ತಿದ್ದುವ ಮುಂಚೆ ತೆಗೆದ, ಪ್ರತಿಗಳಲ್ಲಿ ಕುದುರೆಯ ಬಾಲ ಬೆಳ್ಳಗಿದೆ, ಆಮೇಲಿನವುಗಳಲ್ಲಿ ನೆರಳು ಸೇರಿದೆ. ನನ್ನ ಪ್ರೂಫ್‌ನಲ್ಲೂ ಬಾಲ ಬೆಳ್ಳಗೇ ಇದೆ. ಆ ಜಾಗದಲ್ಲಿ ವಾರ್ನಿಶ್ ಚೆಲ್ಲಿತ್ತು.